ವಾಸಿಯಾಗದ ತುರಿಕೆ ಕಲೆಗಳು ಮತ್ತು ಚರ್ಮದ ಲಿಂಫೋಮಾ: ಲಕ್ಷಣ, ಹಂತಗಳ ಬಗ್ಗೆ ಚರ್ಚೆ

ಮುಳಬಾಗಿಲಿನ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವನವರಿಗೆ ಐವತ್ತೆಂಟು ವರ್ಷ. ಶ್ರೀನಿವಾಸಪುರದ ಕಡೆ ಮಾವಿನ ತೋಟವಿದೆ, ಜೊತೆಗೆ ಒಂದಿಷ್ಟು ಟೊಮೆಟೊ ಬೆಳೆಯುತ್ತಾರೆ. ಹಲವು ವರ್ಷಗಳಿಂದ ಅವರ ಸೊಂಟದ ಕೆಳಗೆ, ಪೃಷ್ಠದ ಮೇಲೆ ಮತ್ತು ತೊಡೆಯ ಒಳಭಾಗದಲ್ಲಿ ತುರಿಸುವ ಕಲೆಗಳಿದ್ದವು. ಒಬ್ಬರು ಗಜಕರ್ಣವೆಂದರು, ಇನ್ನೊಬ್ಬರು ಇಸುಬು ಎಂದರು, ಮತ್ತೊಬ್ಬರು ಸೋರಿಯಾಸಿಸ್ ಎಂದರು. ಮುಲಾಮು ಹಚ್ಚಿದಾಗ ಕಲೆ ಮಾಸುತ್ತಿತ್ತು, ಬಿಟ್ಟ ಕೂಡಲೇ ಅದೇ ಜಾಗದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಈಗ ಬೆಂಗಳೂರಿನಲ್ಲಿ ಬಯಾಪ್ಸಿ, ಅಂದರೆ ಚರ್ಮದ ತುಣುಕು ತೆಗೆದು ನೋಡುವ ಪರೀಕ್ಷೆ, ಮಾಡಿಸಿದ ಮೇಲೆ ವರದಿಯಲ್ಲಿ ‘ಮೈಕೋಸಿಸ್ ಫಂಗಾಯ್ಡಿಸ್, ಪ್ಲಾಕ್’ ಎಂದು ಬಂದಿದೆ. ವೈದ್ಯರು ಚೀಟಿಯಲ್ಲಿ ‘ಚರ್ಮದ ಟಿ ಕೋಶ ಲಿಂಫೋಮಾ, ಹಂತ 1ಬಿ’ ಎಂದು ಬರೆದಿದ್ದಾರೆ.

ಲಿಂಫೋಮಾ ಎಂಬ ಮಾತು ಕೇಳಿದ ದಿನದಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅತ್ತೆಯವರು ತೋಟ ಮಾರಿ ಚಿಕಿತ್ಸೆ ಮಾಡಿಸೋಣ ಎನ್ನುವವರೆಗೆ ಹೋಗಿದ್ದಾರೆ. ಮಾವನವರಿಗೆ ಜ್ವರವಿಲ್ಲ, ತೂಕ ಇಳಿದಿಲ್ಲ, ಕುತ್ತಿಗೆಯಲ್ಲಿ ಗಡ್ಡೆಯಿಲ್ಲ. ಹಾಗಿದ್ದ ಮೇಲೆ ಇದು ಎಂಥ ಲಿಂಫೋಮಾ? ಇಷ್ಟು ವರ್ಷ ಯಾರಿಗೂ ಏಕೆ ಗೊತ್ತಾಗಲಿಲ್ಲ? 1ಬಿ ಎಂದರೆ ಏನು, ಅಲ್ಲಿಂದ ಮುಂದೆ ಏನಾಗುತ್ತದೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ನಿವೃತ್ತ ಚರ್ಮವೈದ್ಯ, ಕೋಲಾರ

ಮೇಷ್ಟ್ರೇ, ಮೊದಲು ಅತ್ತೆಯವರಿಗೆ ತೋಟ ಮಾರುವುದು ಬೇಡವೆಂದು ಹೇಳಿ. ಉಳಿದದ್ದನ್ನು ನಿಧಾನವಾಗಿ ಬರೆಯುತ್ತೇನೆ.

ಹೆಸರಿನಲ್ಲಿ ‘ಮೈಕೋಸಿಸ್’ ಇದ್ದರೂ ಇದಕ್ಕೂ ಶಿಲೀಂಧ್ರಕ್ಕೂ ಯಾವ ಸಂಬಂಧವೂ ಇಲ್ಲ. 1806ರಲ್ಲಿ ಪ್ಯಾರಿಸ್ಸಿನ ವೈದ್ಯ ಅಲಿಬರ್ ಇದನ್ನು ಮೊದಲು ವರ್ಣಿಸಿದರು. ಅವರು ನೋಡಿದ ರೋಗಿಯ ಮೈಮೇಲೆ ಅಣಬೆಯಂಥ ಗಡ್ಡೆಗಳಿದ್ದುದರಿಂದ ಆ ಹೆಸರು ಅಂಟಿಕೊಂಡಿತು. ನಿಜದಲ್ಲಿ ಇದು ರಕ್ತದ ಬಿಳಿಕಣಗಳಲ್ಲಿ ಒಂದಾದ ಟಿ ಲಿಂಫೋಸೈಟ್‌ಗಳ ಕ್ಯಾನ್ಸರ್. ಮಾಮೂಲಿ ಲಿಂಫೋಮಾಗಳು ಕುತ್ತಿಗೆ, ಕಂಕುಳು, ತೊಡೆಸಂದು ಮುಂತಾದೆಡೆ ಇರುವ ದುಗ್ಧಗ್ರಂಥಿಗಳಲ್ಲಿ ಹುಟ್ಟಿದರೆ ಇದು ಚರ್ಮದಲ್ಲೇ ಹುಟ್ಟಿ, ಬಹುಪಾಲು ಜನರಲ್ಲಿ ಚರ್ಮದಲ್ಲೇ ಉಳಿಯುತ್ತದೆ. ನಿಮ್ಮ ಮಾವನವರಿಗೆ ಕುತ್ತಿಗೆಯಲ್ಲಿ ಗಡ್ಡೆಯಾಗಲಿ ಜ್ವರವಾಗಲಿ ಇಲ್ಲದಿರುವುದಕ್ಕೆ ಕಾರಣ ಇದೇ. ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, 38 ಡಿಗ್ರಿ ಸೆಲ್ಸಿಯಸ್ ಮೀರುವ ಜ್ವರ, ಆರು ತಿಂಗಳಲ್ಲಿ ದೇಹತೂಕದ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿಕೆ ಎಂದು ಲಿಂಫೋಮಾ ಕುರಿತ ಬರಹಗಳಲ್ಲೆಲ್ಲ ಓದುತ್ತೇವಲ್ಲ, ಅವು ಈ ಕಾಯಿಲೆಯ ಆರಂಭದಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಅವು ಕಾಣಲಿ ಎಂದು ಕಾದು ಕುಳಿತವರಿಗೆ ಇದು ಪತ್ತೆಯಾಗುವುದಿಲ್ಲ.

ಗುರುತಿಸುವ ಬಗೆ ಬೇರೆ. ಮೊದಲನೆಯದು ಜಾಗ. ಬಿಸಿಲು ತಾಗದ, ಬಟ್ಟೆ ಮುಚ್ಚಿದ ಕಡೆ, ಅಂದರೆ ಪೃಷ್ಠ, ಕೆಳಹೊಟ್ಟೆ, ತೊಡೆಸಂದು, ತೊಡೆಯ ಮೇಲ್ಭಾಗ, ಕಂಕುಳು, ಸ್ತ್ರೀಯರಲ್ಲಿ ಸ್ತನಗಳ ಮೇಲೆ ಕಲೆಗಳು ಏಳುತ್ತವೆ. ಚಡ್ಡಿ ಮುಚ್ಚುವಷ್ಟು ಭಾಗವನ್ನು ವೈದ್ಯರು ಮೊದಲು ನೋಡಬೇಕು. ಆದರೆ ನಮ್ಮ ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ರೋಗಿ ಅಂಗಿಯ ತೋಳನ್ನಷ್ಟೇ ಮಡಚಿ ತೋರಿಸುವುದೂ, ವೈದ್ಯರು ಅಷ್ಟನ್ನೇ ನೋಡಿ ಬರೆದುಕೊಡುವುದೂ ನಡೆದೇ ಇದೆ. ಎರಡನೆಯದು ಕಾಲ. ಗಜಕರ್ಣವಾದರೆ ಸರಿಯಾದ ಔಷಧಕ್ಕೆ ವಾಸಿಯಾಗಬೇಕು, ಇಲ್ಲವೇ ಹರಡಬೇಕು. ಈ ಕಲೆಗಳು ಅದೇ ಜಾಗದಲ್ಲಿ ವರ್ಷಗಟ್ಟಲೆ ಕೂತಿರುತ್ತವೆ. ಮೂರನೆಯದು ಕಲೆಯ ಸ್ವರೂಪ. ಒಂದೊಂದು ಒಂದೊಂದು ಆಕಾರದಲ್ಲಿ, ಒಂದೊಂದು ಬಣ್ಣದಲ್ಲಿ ಇರುತ್ತದೆ. ಮೇಲೆ ತೆಳುವಾದ ಹೊಟ್ಟು ಏಳುತ್ತದೆ, ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲನೆ ಒತ್ತಿದರೆ ಬೀಡಿ ಸುತ್ತುವ ಎಲೆಯಂತೆ ಸಣ್ಣ ಸಣ್ಣ ಸುಕ್ಕು ಮೂಡುತ್ತದೆ. ಬಿಳಿಯರ ಮೈಮೇಲೆ ಕೆಂಪಗೆ ಕಾಣುವ ಕಲೆ ನಮ್ಮ ಮೈಬಣ್ಣದಲ್ಲಿ ಕಂದು ಅಥವಾ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಪಠ್ಯಪುಸ್ತಕದ ಚಿತ್ರಗಳನ್ನು ನೋಡಿ ಕಲಿತ ಕಣ್ಣಿಗೆ ಅದು ತಪ್ಪಿಹೋಗುವುದು ಸುಲಭ.

ತುರಿಕೆ ಕೆಲವರಿಗೆ ನಿದ್ದೆಗೆಡಿಸುವಷ್ಟು ಇರುತ್ತದೆ, ಕೆಲವರಿಗೆ ಇರುವುದೇ ಇಲ್ಲ. ಅದರ ಮೇಲೆ ಏನನ್ನೂ ತೀರ್ಮಾನಿಸಲಾಗದು.

ಇಷ್ಟು ವರ್ಷ ಯಾರಿಗೂ ಏಕೆ ಗೊತ್ತಾಗಲಿಲ್ಲ ಎಂದು ಕೇಳಿದ್ದೀರಿ. ಮೊದಲ ಕಲೆ ಕಂಡಂದಿನಿಂದ ರೋಗ ಪತ್ತೆಯಾಗುವವರೆಗೆ ಮೂರರಿಂದ ಆರು ವರ್ಷ ಹಿಡಿಯುವುದು ದೊಡ್ಡ ಆಸ್ಪತ್ರೆಗಳಿರುವ ದೇಶಗಳಲ್ಲೂ ಮಾಮೂಲು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟು ಮಂದಿಗೆ ಬರುವ ಕಾಯಿಲೆಯಿದು; ಅದೇ ಹತ್ತು ಲಕ್ಷದಲ್ಲಿ ಗಜಕರ್ಣ, ಇಸುಬು ಇರುವವರು ಸಾವಿರಗಟ್ಟಲೆ.

ಬಂಗಾರಪೇಟೆಯ ಔಷಧಿ ಅಂಗಡಿಯವರು

ಡಾಕ್ಟರು ಹೇಳದೆ ಬಿಟ್ಟ ಒಂದು ಕಾರಣವನ್ನು ನಾನು ಸೇರಿಸಬೇಕು. ಸ್ಟಿರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯಾಟಿಕ್ ಮೂರನ್ನೂ ಒಂದೇ ಟ್ಯೂಬಿನಲ್ಲಿ ಬೆರೆಸಿದ ಮುಲಾಮುಗಳನ್ನು ನಮ್ಮಲ್ಲಿ ಜನ ಹೆಸರು ಹಿಡಿದು ಕೇಳಿ ಕೊಳ್ಳುತ್ತಾರೆ. ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮವನ್ನು ಬಿಗಿಗೊಳಿಸಿತು. ಆದರೆ ಹಳೆಯ ಚೀಟಿಯನ್ನೇ ಲ್ಯಾಮಿನೇಷನ್ ಮಾಡಿಸಿಟ್ಟುಕೊಂಡು ತರುವವರಿದ್ದಾರೆ. ಅಕ್ಕಪಕ್ಕದ ಮನೆಯವರು ವಾಸಿ ಮಾಡಿಕೊಂಡ ಟ್ಯೂಬಿನ ಖಾಲಿ ಡಬ್ಬಿ ಹಿಡಿದು ಬರುವವರೂ ಇದ್ದಾರೆ.

ಒಬ್ಬರೇ ಗಿರಾಕಿ ಅದೇ ಟ್ಯೂಬಿಗಾಗಿ ಮತ್ತೆ ಮತ್ತೆ ಬರುತ್ತಿದ್ದರೆ ಅಂಗಡಿಯಲ್ಲಿ ಕೂತವರಿಗೆ ಅದು ಗೊತ್ತಾಗಿಯೇ ಗೊತ್ತಾಗುತ್ತದೆ. ಕೌಂಟರಿನ ಈಚೆ ಕೂತವರು ಅಂಥವರಿಗೆ ‘ಚರ್ಮದ ಡಾಕ್ಟರಿಗೆ ತೋರಿಸಿ’ ಎಂದು ಹೇಳುವುದು ನಮ್ಮ ಕೆಲಸದ ಭಾಗವೆಂದೇ ನನ್ನ ಅಭಿಪ್ರಾಯ. ಡಾಕ್ಟರಿಗೆ ಒಂದು ಪ್ರಶ್ನೆ: ಇದು ಕ್ಯಾನ್ಸರ್ ಆಗಿದ್ದರೆ ಸ್ಟಿರಾಯ್ಡ್ ಮುಲಾಮಿಗೆ ಕಲೆ ಮಾಸಿದ್ದು ಹೇಗೆ?

ನಿವೃತ್ತ ಚರ್ಮವೈದ್ಯ, ಕೋಲಾರ

ಒಳ್ಳೆಯ ಪ್ರಶ್ನೆ. ಕ್ಲೋಬೆಟಸಾಲ್‌ನಂಥ ಪ್ರಬಲ ಸ್ಟಿರಾಯ್ಡ್ ಮುಲಾಮು ಈ ಕಾಯಿಲೆಯ ಆರಂಭದ ಹಂತಕ್ಕೆ ನಿಜವಾಗಿಯೂ ಒಂದು ಔಷಧವೇ. ಲಿಂಫೋಸೈಟ್‌ಗಳನ್ನು ಅದು ಕುಗ್ಗಿಸುತ್ತದೆ, ಕಲೆ ಮಾಸುತ್ತದೆ. ಹೀಗಾಗಿ ‘ಮುಲಾಮಿಗೆ ಬಗ್ಗಿತು, ಆದ್ದರಿಂದ ಇಸುಬು’ ಎಂಬ ತರ್ಕ ಇಲ್ಲಿ ನಿಲ್ಲುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಸ್ಟಿರಾಯ್ಡ್ ಹಚ್ಚುತ್ತಿರುವ ಜಾಗದಿಂದಲೇ ಬಯಾಪ್ಸಿ ತೆಗೆದರೆ ಸೂಕ್ಷ್ಮದರ್ಶಕದಲ್ಲಿ ರೋಗದ ಚಿಹ್ನೆ ಅಳಿಸಿಹೋಗಿರಬಹುದು. ಬಯಾಪ್ಸಿಗೆ ಎರಡರಿಂದ ನಾಲ್ಕು ವಾರ ಮೊದಲೇ ಮುಲಾಮು ನಿಲ್ಲಿಸಬೇಕು, ವೈದ್ಯರು ಕೇಳದಿದ್ದರೆ ರೋಗಿಯೇ ‘ನಾನು ಇಂಥದ್ದು ಹಚ್ಚುತ್ತಿದ್ದೇನೆ’ ಎಂದು ಹೇಳಬೇಕು.

ಇನ್ನೊಂದು ಎಚ್ಚರಿಕೆ. ಮುಲಾಮಿಗೆ ಬಗ್ಗದ ಸೋರಿಯಾಸಿಸ್ ಅಥವಾ ಇಸುಬು ಎಂದು ತಿಳಿದು ಸೈಕ್ಲೋಸ್ಪೋರಿನ್ ಕೊಟ್ಟರೆ, ಅದು ಈ ಲಿಂಫೋಮಾ ಆಗಿದ್ದ ಪಕ್ಷದಲ್ಲಿ ರೋಗ ಬೇಗ ಮುಂದುವರಿಯಬಹುದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಅಂಥ ಔಷಧ ಆರಂಭಿಸುವ ಮೊದಲು, ರೋಗದ ಬಗ್ಗೆ ಸಂಶಯವಿದ್ದಲ್ಲಿ ಬಯಾಪ್ಸಿ ಮಾಡಲೇಬೇಕು.

ಆಶಾ ಕಾರ್ಯಕರ್ತೆ, ಮಾಲೂರು ತಾಲ್ಲೂಕು

ನಮಸ್ಕಾರ ಸರ್. ನಾವು ಕುಷ್ಠರೋಗ ಪತ್ತೆಗೆ ಮನೆಮನೆ ಸಮೀಕ್ಷೆಗೆ ಹೋಗುವವರು. ತಿಳಿಬಣ್ಣದ ಮಚ್ಚೆ ಕಂಡರೆ ಹತ್ತಿಯ ಎಳೆಯಿಂದಲೋ ಪೆನ್ನಿನ ತುದಿಯಿಂದಲೋ ಮುಟ್ಟಿ, ಸ್ಪರ್ಶಜ್ಞಾನ ಇದೆಯೇ ಎಂದು ನೋಡಿ ಆರೋಗ್ಯ ಕೇಂದ್ರಕ್ಕೆ ಕಳುಹಿಸುತ್ತೇವೆ. ಹೋದ ಸಮೀಕ್ಷೆಯಲ್ಲಿ ಹದಿನಾರು ವರ್ಷದ ಹುಡುಗಿಯೊಬ್ಬಳಿಗೆ ಸೊಂಟದ ಸುತ್ತ ಮತ್ತು ತೊಡೆಯ ಮೇಲೆ ತಿಳಿಬಣ್ಣದ ಮಚ್ಚೆಗಳು ಕಂಡವು. ಸ್ಪರ್ಶ ಸರಿಯಾಗಿಯೇ ಇತ್ತು. ಮನೆಯವರು ಚಿಬ್ಬು ಎಂದುಕೊಂಡಿದ್ದರು, ತೊನ್ನು ಇರಬಹುದೆಂದು ಅಜ್ಜಿ ಹೆದರಿದ್ದರು. ಇಂಥವುಗಳಲ್ಲೂ ಈ ಕಾಯಿಲೆ ಇರುವ ಸಾಧ್ಯತೆ ಇದೆಯೇ? ವಯಸ್ಸಾದವರಿಗೆ ಮಾತ್ರ ಬರುತ್ತದೆ ಎಂದು ನಾನು ತಿಳಿದಿದ್ದೆ.

ನಿವೃತ್ತ ಚರ್ಮವೈದ್ಯ, ಕೋಲಾರ

ಸಾಧ್ಯತೆ ಇದೆಯಮ್ಮ, ಆದರೆ ಬಹಳ ಕಡಿಮೆ. ಆ ವಯಸ್ಸಿನಲ್ಲಿ ತಿಳಿಬಣ್ಣದ ಮಚ್ಚೆ ಎಂದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಚಿಬ್ಬು ಅಥವಾ ಬೇರೆ ನಿರಪಾಯಕಾರಿ ಕಾರಣವೇ ಇರುತ್ತದೆಂದು ನನ್ನ ಅನುಭವದಿಂದ ಹೇಳಬಲ್ಲೆ. ಹಾಗಾಗಿ ಮನೆಯವರನ್ನು ಹೆದರಿಸಬೇಡಿ.

ಆದರೂ ಹೇಳಬೇಕಾದ ಮಾತಿದೆ. ಈ ಕಾಯಿಲೆ ಸಾಮಾನ್ಯವಾಗಿ ಐವತ್ತು ದಾಟಿದವರಲ್ಲಿ, ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಆದರೆ ಇದರಲ್ಲಿ ಬಣ್ಣ ಕಳೆದುಕೊಳ್ಳುವ ಒಂದು ಬಗೆಯಿದೆ. ಅದು ಮೈಬಣ್ಣ ಗಾಢವಾಗಿರುವ ಜನಾಂಗಗಳಲ್ಲಿ ಹೆಚ್ಚಾಗಿ, ಎಳೆಯ ವಯಸ್ಸಿನಲ್ಲೇ, ಮಕ್ಕಳಲ್ಲೂ ಕಾಣಿಸಿಕೊಳ್ಳುತ್ತದೆ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ಮಂಕಾಗಿರುತ್ತದೆ, ಮೊಣಕೈ ಅಥವಾ ಮೊಣಕಾಲಿನ ಬಳಿ ನರ ದಪ್ಪವಾಗಿ ಕೈಗೆ ಸಿಗಬಹುದು. ತೊನ್ನಿನ ಮಚ್ಚೆ ಸುಣ್ಣದಂತೆ ಅಚ್ಚ ಬಿಳಿ, ಅಂಚು ಖಚಿತ. ಈ ಲಿಂಫೋಮಾದ ಮಚ್ಚೆಯಲ್ಲಿ ಸ್ಪರ್ಶ ಉಳಿದಿರುತ್ತದೆ, ಬಣ್ಣ ಪೂರ್ತಿ ಹೋಗಿರುವುದಿಲ್ಲ, ಅಂಚು ಮಸುಕಾಗಿರುತ್ತದೆ, ಅಲ್ಲಲ್ಲಿ ತೆಳು ಹೊಟ್ಟು ಇರಬಹುದು. ಚಿಬ್ಬಿಗೆ ಕೊಡುವ ಔಷಧಕ್ಕೂ ಬಗ್ಗದೆ, ತಿಂಗಳುಗಟ್ಟಲೆ ಉಳಿದು, ಬಟ್ಟೆ ಮುಚ್ಚಿದ ಜಾಗದಲ್ಲೇ ಹೆಚ್ಚುತ್ತಿದ್ದರೆ ಆಗ ಬಯಾಪ್ಸಿಗೆ ಕಳುಹಿಸಬೇಕು. ಈ ಬಗೆ ಸಾಮಾನ್ಯವಾಗಿ ಬಹಳ ಸೌಮ್ಯ. ಬೆಳಕಿನ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ, ಬಣ್ಣವೂ ಮರಳುತ್ತದೆ.

ಸ್ಪರ್ಶವಿದೆ ಎಂದ ಮಾತ್ರಕ್ಕೆ ‘ಏನೂ ಇಲ್ಲ’ ಎಂದು ಬರೆದು ಮುಗಿಸಬೇಡಿ. ‘ಕುಷ್ಠವಲ್ಲ, ಆದರೆ ಮೂರು ತಿಂಗಳಲ್ಲಿ ಮತ್ತೆ ನೋಡಬೇಕು’ ಎಂದು ಬರೆದಿಟ್ಟುಕೊಳ್ಳಿ. ಕೂದಲಿನ ಬುಡವನ್ನು ಹಿಡಿಯುವ ಇನ್ನೊಂದು ಬಗೆಯೂ ಇದೆ. ಅದು ಮುಖ, ತಲೆ, ಕುತ್ತಿಗೆಯಲ್ಲಿ ಮೊಡವೆಯಂಥ ಗುಳ್ಳೆಗಳಾಗಿ ಎದ್ದು ಹುಬ್ಬಿನ ಕೂದಲನ್ನು ಉದುರಿಸುವುದರಿಂದ ಅದನ್ನೂ ಕುಷ್ಠವೆಂದು ಭ್ರಮಿಸುವುದುಂಟು. ಮಾಮೂಲಿ ಬಗೆಗಿಂತ ಅದು ಮೊಂಡು.

ರೋಗಶಾಸ್ತ್ರ ಪ್ರಯೋಗಾಲಯದಿಂದ

ಬಯಾಪ್ಸಿಯ ವಿಷಯ ಬಂದಿದ್ದರಿಂದ ಬರೆಯುತ್ತಿದ್ದೇನೆ. ಆರಂಭದ ಹಂತದಲ್ಲಿ ಮೊದಲನೆಯ ಬಯಾಪ್ಸಿಯೇ ಖಚಿತ ಉತ್ತರ ಕೊಡುತ್ತದೆ ಎಂದು ನಿರೀಕ್ಷಿಸಬಾರದು. ಕ್ಯಾನ್ಸರ್ ಕೋಶಗಳು ಆಗ ಕೆಲವೇ ಇರುತ್ತವೆ. ಸುತ್ತಲೂ ಉರಿಯೂತದ ಮಾಮೂಲಿ ಕೋಶಗಳು ತುಂಬಿಕೊಂಡಿರುತ್ತವೆ. ‘ದೀರ್ಘಕಾಲದ ಇಸುಬಿಗೆ ಹೊಂದುವ ಬದಲಾವಣೆ’ ಎಂಬ ವರದಿಯನ್ನು ಹಿಡಿದು ‘ಕ್ಯಾನ್ಸರ್ ಇಲ್ಲವೆಂದು ಬಂತು’ ಎಂದು ಸಂತೋಷಪಡುವವರನ್ನು ನೋಡಿದ್ದೇನೆ. ವರದಿ ಹೇಳಿದ್ದು ಅದಲ್ಲ. ಕಲೆ ಉಳಿದೇ ಇದ್ದರೆ ಕೆಲವು ತಿಂಗಳ ನಂತರ ಬೇರೆ ಬೇರೆ ಕಲೆಗಳಿಂದ, ಒಂದಕ್ಕಿಂತ ಹೆಚ್ಚು ತುಣುಕು ತೆಗೆದು ನೋಡಬೇಕಾಗುತ್ತದೆ.

ನಾವು ಹುಡುಕುವುದು ಇವನ್ನು: ಲಿಂಫೋಸೈಟ್‌ಗಳು ಚರ್ಮದ ಮೇಲ್ಪದರಕ್ಕೆ ಹತ್ತಿ, ಅದರ ತಳದಲ್ಲಿ ಸಾಲಾಗಿ ನಿಂತಿವೆಯೇ, ಅಲ್ಲಲ್ಲಿ ಗುಂಪುಗೂಡಿವೆಯೇ, ಅವುಗಳ ಕೋಶಕೇಂದ್ರ ಮಿದುಳಿನ ಮಡಿಕೆಗಳಂತೆ ಸುರುಳಿಸುರುಳಿಯಾಗಿದೆಯೇ. ಆಮೇಲೆ ಇಮ್ಯುನೊಹಿಸ್ಟೊಕೆಮಿಸ್ಟ್ರಿ ಎಂಬ ಬಣ್ಣದ ಪರೀಕ್ಷೆ. ಮಾಮೂಲಿ ಬಗೆಯಲ್ಲಿ ಟಿ ಕೋಶಗಳ ಮೇಲ್ಮೈಯ ಗುರುತುಗಳಾದ ಸಿಡಿ3 ಮತ್ತು ಸಿಡಿ4 ಧನಾತ್ಮಕವಾಗಿದ್ದು ಸಿಡಿ7 ಕಳೆದುಹೋಗಿರುತ್ತದೆ. ಡಾಕ್ಟರು ಹೇಳಿದ ತಿಳಿಬಣ್ಣದ ಬಗೆಯಲ್ಲಿ ಅನೇಕ ವೇಳೆ ಸಿಡಿ8 ಧನಾತ್ಮಕವಾಗಿರುತ್ತದೆ. ಅಷ್ಟರಲ್ಲೂ ಸಂಶಯ ಉಳಿದರೆ, ಆ ಟಿ ಕೋಶಗಳೆಲ್ಲ ಒಂದೇ ಮೂಲದಿಂದ ಬಂದವೇ ಎಂದು ತಿಳಿಯಲು ಜೀನ್ ಪರೀಕ್ಷೆ ಇದೆ, ಅದು ದೊಡ್ಡ ಪ್ರಯೋಗಾಲಯಗಳಲ್ಲಿ ಮಾತ್ರ ಆಗುತ್ತದೆ.

ಮನೆಯವರಿಗೆ ಒಂದೇ ಕೋರಿಕೆ. ಬಯಾಪ್ಸಿಯ ಮೇಣದ ತುಂಡುಗಳನ್ನು, ಅಂದರೆ ಬ್ಲಾಕ್‌ಗಳನ್ನು, ಗಾಜಿನ ಸ್ಲೈಡುಗಳ ಸಮೇತ ಕೇಳಿ ಪಡೆದುಕೊಳ್ಳಿ. ಬೇರೆ ಆಸ್ಪತ್ರೆಗೆ ಹೋದಾಗ ಅವುಗಳನ್ನೇ ಮರುಪರಿಶೀಲಿಸಬಹುದು.

ಚಿಂತಾಮಣಿಯ ಓದುಗ

ನನ್ನ ತಮ್ಮನಿಗೆ ಬೇರೊಂದು ಲಿಂಫೋಮಾ ಆಗಿತ್ತು. ಅವನ ವೈದ್ಯರು ಹಂತ ವಿವರಿಸುವಾಗ, ರೋಗ ತಗುಲಿದ ದುಗ್ಧಗ್ರಂಥಿಗಳು ವಪೆಯ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರ) ಒಂದೇ ಬದಿಯಲ್ಲಿದ್ದರೆ ಎರಡನೆಯ ಹಂತ, ಎರಡೂ ಬದಿಯಲ್ಲಿದ್ದರೆ ಮೂರನೆಯದು, ಮಜ್ಜೆ ಅಥವಾ ಯಕೃತ್ತಿಗೆ ಹೋದರೆ ನಾಲ್ಕನೆಯದು ಎಂದಿದ್ದರು. ಚರ್ಮವೂ ಗ್ರಂಥಿಯ ಹೊರಗಿನ ಅಂಗವಲ್ಲವೇ? ಮೈತುಂಬ ಕಲೆಗಳಿದ್ದರೆ ಅದು ನಾಲ್ಕನೆಯ ಹಂತವೇ ಆಗಬೇಕಲ್ಲ? 1ಬಿ ಎಂದದ್ದು ಮನೆಯವರ ಸಮಾಧಾನಕ್ಕೋ ಏನೋ ಎಂಬ ಸಂಶಯ ನನಗೆ.

ನಿವೃತ್ತ ಚರ್ಮವೈದ್ಯ, ಕೋಲಾರ

ಸಮಾಧಾನಕ್ಕೆ ಹೇಳಿದ್ದಲ್ಲ. ನೀವು ಹೇಳಿದ್ದು ಆನ್ ಆರ್ಬರ್ ಪದ್ಧತಿ. ಗ್ರಂಥಿಗಳಲ್ಲಿ ಹುಟ್ಟುವ ಲಿಂಫೋಮಾಗಳಿಗೆ ಅದು ಸರಿ. ಚರ್ಮದಲ್ಲಿ ಹುಟ್ಟುವ ಇದಕ್ಕೆ ಬೇರೆ ಅಳತೆಯಿದೆ. ಚರ್ಮ, ದುಗ್ಧಗ್ರಂಥಿ, ಒಳಾಂಗ, ರಕ್ತ ಈ ನಾಲ್ಕನ್ನೂ ಬೇರೆ ಬೇರೆಯಾಗಿ ಅಳೆದು, ಕೂಡಿಸಿ ಹಂತವನ್ನು ನಿರ್ಧರಿಸುತ್ತಾರೆ. ಈಗ ಬಳಕೆಯಲ್ಲಿರುವ ಪದ್ಧತಿಯನ್ನು 2007ರಲ್ಲಿ ಪರಿಷ್ಕರಿಸಲಾಯಿತು.

ಚರ್ಮವನ್ನು ಅಳೆಯುವುದು ಹೀಗೆ. ರೋಗಿಯ ಸ್ವಂತ ಅಂಗೈಯನ್ನು, ಬೆರಳುಗಳನ್ನೂ ಸೇರಿಸಿ, ಮೈಯ ಸುಮಾರು ಶೇಕಡಾ ಒಂದು ಭಾಗವೆಂದು ಹಿಡಿಯುತ್ತೇವೆ. ಎಲ್ಲ ಕಲೆಗಳೂ ಸೇರಿ ಹತ್ತು ಅಂಗೈಗಿಂತ ಕಡಿಮೆಯಿದ್ದರೆ ಅದು 1ಎ. ಹತ್ತು ಅಥವಾ ಅದಕ್ಕಿಂತ ಹೆಚ್ಚಿದ್ದರೆ 1ಬಿ. ಕಲೆ ಚಪ್ಪಟೆಯಾಗಿದ್ದರೆ ಪ್ಯಾಚ್, ಕೈಯಾಡಿಸಿದಾಗ ಅಂಚು ತಡೆಯುವಷ್ಟು ದಪ್ಪವಾಗಿದ್ದರೆ ಪ್ಲಾಕ್. ಮೇಷ್ಟ್ರ ಮಾವನವರ ವರದಿಯ ‘ಪ್ಲಾಕ್’ ಎಂಬುದರ ಅರ್ಥ ಅಷ್ಟೇ. ಇಂಥ ಕಲೆಗಳ ಜೊತೆಗೆ ದುಗ್ಧಗ್ರಂಥಿ ಒಂದೂವರೆ ಸೆಂಟಿಮೀಟರ್ ಅಥವಾ ಹೆಚ್ಚು ಬೆಳೆದಿದ್ದು, ಅದರೊಳಗಿನ ರಚನೆಯನ್ನು ಕ್ಯಾನ್ಸರ್ ಪೂರ್ತಿ ಅಳಿಸಿರದಿದ್ದರೆ 2ಎ. ಒಂದು ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗಡ್ಡೆ ಒಂದೇ ಒಂದು ಎದ್ದರೂ ಅದು 2ಬಿ. ಮೈಯ ಶೇಕಡಾ ಎಂಬತ್ತಕ್ಕೂ ಹೆಚ್ಚು ಭಾಗ ಕೆಂಪೇರಿ ಹೊಟ್ಟು ಸುರಿಯತೊಡಗಿದರೆ ಮೂರನೆಯ ಹಂತ. ರಕ್ತದ ಒಂದು ಮೈಕ್ರೋಲೀಟರಿನಲ್ಲಿ ಸೆಜಾರಿ ಕೋಶಗಳು, ಅಂದರೆ ರಕ್ತಕ್ಕೆ ಸೇರಿದ ಕ್ಯಾನ್ಸರ್ ಟಿ ಕೋಶಗಳು, ಸಾವಿರ ಮುಟ್ಟಿದರೆ, ಅಥವಾ ದುಗ್ಧಗ್ರಂಥಿಯನ್ನು ಕ್ಯಾನ್ಸರ್ ಪೂರ್ತಿ ಆವರಿಸಿದರೆ, ಅಥವಾ ಒಳಾಂಗಕ್ಕೆ ಹರಡಿದರೆ ಅದು ನಾಲ್ಕನೆಯದು.

ಈ ಅಂಕಿಗಳನ್ನು ಮೆಟ್ಟಿಲೆಂದು ಭಾವಿಸಬೇಡಿ. ಎಲ್ಲರೂ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಏರುತ್ತಾ ಹೋಗುವುದಿಲ್ಲ. ಒಂದನೆಯ ಹಂತದಲ್ಲಿ ಗುರುತಿಸಿದವರಲ್ಲಿ ಬಹುಪಾಲು ಜನ ಅಲ್ಲೇ ಉಳಿಯುತ್ತಾರೆ. ಅಂಕಿ ಹೆಚ್ಚಾದಷ್ಟೂ ಅಪಾಯ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ ಎಂಬುದೂ ನಿಜವಲ್ಲ. 2010ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನವೊಂದು ಸುಮಾರು 1,500 ರೋಗಿಗಳ ದಾಖಲೆಗಳನ್ನು ನೋಡಿತು. ಐದು ವರ್ಷಗಳಲ್ಲಿ ಈ ಕಾಯಿಲೆಯಿಂದ ಸಾಯದೆ ಉಳಿದವರು 1ಎ ಹಂತದಲ್ಲಿ ನೂರಕ್ಕೆ ಸುಮಾರು 98, 1ಬಿ ಹಂತದಲ್ಲಿ ಸುಮಾರು 89. ಗಡ್ಡೆ ಎದ್ದ 2ಬಿ ಹಂತದಲ್ಲಿ ಆ ಸಂಖ್ಯೆ ಸುಮಾರು 56ಕ್ಕೆ ಇಳಿಯುತ್ತದೆ, ಮೂರನೆಯ ಹಂತದ ಆರಂಭದಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. 2ಎ ಮತ್ತು 2ಬಿ ಒಂದೇ ಅಂಕಿಯಡಿ ಇದ್ದರೂ ಅವುಗಳ ನಡುವೆ ಇರುವಷ್ಟು ಅಂತರ 2ಬಿ ಮತ್ತು ಮೂರರ ನಡುವೆ ಇಲ್ಲ. ಆದ್ದರಿಂದ ಮನೆಯವರು ಹಂತದ ಅಂಕಿಗಿಂತ ಹೆಚ್ಚಾಗಿ ಗಮನಿಸಬೇಕಾದದ್ದು ಚಪ್ಪಟೆ ಕಲೆ ಅಥವಾ ಪ್ಲಾಕ್ ಗಡ್ಡೆಯಾಗಿ ಬದಲಾಯಿತೇ ಎಂಬುದನ್ನು. ಕಲೆಯ ಮೇಲೆ ಬೇಗ ಬೆಳೆಯುವ ಗಂಟು, ಕೊಳೆಯುವ ಹುಣ್ಣು ಕಂಡರೆ ಮುಂದಿನ ಭೇಟಿಯ ದಿನಾಂಕಕ್ಕಾಗಿ ಕಾಯಬಾರದು. ಆ ಗಂಟಿನಿಂದ ಹೊಸದಾಗಿ ಬಯಾಪ್ಸಿ ಆಗಬೇಕು, ಏಕೆಂದರೆ ಕೋಶಗಳು ಹೆಚ್ಚು ಉಗ್ರವಾದ ದೊಡ್ಡಕೋಶದ ರೂಪಕ್ಕೆ ತಿರುಗಿರುವ ಸಾಧ್ಯತೆ ಇರುತ್ತದೆ.

ಕೆ.ಜಿ.ಎಫ್. ನಿವಾಸಿ

ನನ್ನ ಹೆಂಡತಿಗೆ ಇದರ ಹತ್ತಿರದ ಸಂಬಂಧಿಯಾದ ಸೆಜಾರಿ ಸಿಂಡ್ರೋಮ್ ಇದೆ. ಚಪ್ಪಟೆ ಕಲೆಗಳಿಂದ ಆರಂಭವಾದದ್ದಲ್ಲ. ಕೆಲವೇ ತಿಂಗಳಲ್ಲಿ ಮೈಯೆಲ್ಲ ಕೆಂಪಾಗಿ, ಬೆಳಿಗ್ಗೆ ಹಾಸಿಗೆ ಕೊಡವಿದರೆ ಹೊಟ್ಟು ಉದುರುವಂತಾಯಿತು. ಅಂಗೈ, ಅಂಗಾಲು ದಪ್ಪಗಾಗಿ ಬಿರಿದವು, ಕೂದಲು ತೆಳುವಾಯಿತು, ಕಂಕುಳಲ್ಲಿ ಗ್ರಂಥಿ ಸಿಕ್ಕಿತು. ಬೇಸಿಗೆಯಲ್ಲೂ ಚಳಿಯೆಂದು ಕಂಬಳಿ ಹೊದೆಯುತ್ತಿದ್ದಳು. ತುರಿಕೆಯನ್ನು ವರ್ಣಿಸುವ ಮಾತು ನನ್ನ ಬಳಿಯಿಲ್ಲ.

ಇಲ್ಲಿ ಎಲ್ಲರೂ ಕ್ಯಾನ್ಸರಿನ ಬಗ್ಗೆಯೇ ಬರೆಯುತ್ತಿದ್ದೀರಿ. ನಮ್ಮನ್ನು ಆಸ್ಪತ್ರೆಗೆ ಸೇರುವಂತೆ ಮಾಡಿದ್ದು ಹೆಚ್ಚಾಗಿ ಸೋಂಕು. ಬಿರಿದ ಚರ್ಮದ ಮೂಲಕ ಬ್ಯಾಕ್ಟೀರಿಯಾ ಒಳಹೊಕ್ಕು ರಕ್ತಕ್ಕೆ ಸೇರುತ್ತದೆಂದೂ, ಮುಂದುವರಿದ ಹಂತದಲ್ಲಿ ಸಾವಿಗೆ ಅನೇಕ ವೇಳೆ ಇದೇ ಕಾರಣವೆಂದೂ ವೈದ್ಯರು ಹೇಳಿದರು. ಈಗ ನಾವು ದಿನಕ್ಕೆ ಎರಡು ಮೂರು ಬಾರಿ ಮೈಗೆ ವ್ಯಾಸಲೀನ್‌ನಂಥ ಜಿಡ್ಡು ಹಚ್ಚುತ್ತೇವೆ, ಬಿಸಿನೀರು ಬಿಟ್ಟು ಉಗುರುಬೆಚ್ಚಗಿನ ನೀರು ಬಳಸುತ್ತೇವೆ, ಉಗುರನ್ನು ಗಿಡ್ಡಗೆ ಕತ್ತರಿಸುತ್ತೇವೆ. ಎಲ್ಲಾದರೂ ಹಳದಿ ನೀರು ಒಸರಿದರೆ, ವಾಸನೆ ಬಂದರೆ, ಮೈ ನಡುಗಿ ಜ್ವರ ಬಂದರೆ ಅಂದೇ ಹೊರಡುತ್ತೇವೆ. ಈ ಕೆಲಸಗಳು ಅಲ್ಪವೆಂದು ಯಾರೂ ಭಾವಿಸಬೇಡಿ.

ಚಿಂತಾಮಣಿಯ ಓದುಗ

ಹಂತಗಳ ಲೆಕ್ಕ ಅರ್ಥವಾಯಿತು, ವಂದನೆಗಳು. ಇನ್ನೊಂದು ಮಾತು. ಟೊಮೆಟೊ ಬೆಳೆಗೆ ನಮ್ಮ ಕಡೆ ಹೊಡೆಯುವ ಔಷಧಿಯ ಪ್ರಮಾಣ ಎಲ್ಲರಿಗೂ ಗೊತ್ತು. ಅದರಿಂದಲೇ ಬಂದಿರಬಹುದಲ್ಲವೇ? ಕೊಳವೆಬಾವಿಯ ನೀರಿನಿಂದಲೂ ಇರಬಹುದೆಂದು ನಮ್ಮ ಊರಿನಲ್ಲಿ ಹೇಳುತ್ತಾರೆ. ಜೊತೆಗೆ, ಚರ್ಮರೋಗಕ್ಕೆ ನಾಟಿ ಔಷಧಿ ಕೊಡುವವರೊಬ್ಬರ ವಿಳಾಸ ನನ್ನ ಬಳಿ ಇದೆ.

ನಿವೃತ್ತ ಚರ್ಮವೈದ್ಯ, ಕೋಲಾರ

ಕೀಟನಾಶಕ, ಕೊಳವೆಬಾವಿಯ ನೀರು ಇವುಗಳ ಬಗ್ಗೆ ಕೋಲಾರದವರಿಗೆ ಚಿಂತಿಸಲು ಬೇರೆ ಕಾರಣಗಳು ಸಾಕಷ್ಟಿವೆ. ಆದರೆ ಈ ಕಾಯಿಲೆಗೆ ಅವೇ ಕಾರಣವೆಂದು ಸಾಬೀತಾಗಿಲ್ಲ. ನಿಜ ಹೇಳಬೇಕೆಂದರೆ ಇದರ ಕಾರಣವೇ ಇನ್ನೂ ಪತ್ತೆಯಾಗಿಲ್ಲ. ಮಾವನವರು ಮಾಡಿದ ಯಾವುದೋ ಕೆಲಸದಿಂದ ಬಂತೆಂದು ಅವರ ಮೇಲೆ ಹೊರೆ ಹೊರಿಸುವುದು ಬೇಡ. ಇದು ಅಂಟುರೋಗವಲ್ಲ. ಒಂದೇ ತಟ್ಟೆ, ಒಂದೇ ಟವೆಲು, ಒಂದೇ ಹಾಸಿಗೆ ಯಾವುದರಿಂದಲೂ ಹರಡುವುದಿಲ್ಲ. ಮಕ್ಕಳಿಗೆ ವಂಶಪಾರಂಪರ್ಯವಾಗಿ ಬರುವುದೂ ತೀರಾ ವಿರಳ.

ನಾಟಿ ಔಷಧಿಯ ವಿಳಾಸವನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಮೊದಲೇ ಬಿರಿದಿರುವ ಚರ್ಮಕ್ಕೆ ಏನೆಂದು ತಿಳಿಯದ ಲೇಪ ಹಚ್ಚಿದರೆ ಕೆ.ಜಿ.ಎಫ್. ಮಿತ್ರರು ಹೇಳಿದ ಸೋಂಕಿಗೇ ಬಾಗಿಲು ತೆರೆದಂತಾಗುತ್ತದೆ.

ಮುಳಬಾಗಿಲಿನ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಡಾಕ್ಟರು ಬರೆದ ಹಂತಗಳ ವಿವರವನ್ನು ಮನೆಯವರಿಗೆಲ್ಲ ಓದಿ ಹೇಳಿದೆ. ಮಾವನವರೇ ತಮ್ಮ ಅಂಗೈಯಿಟ್ಟು ಕಲೆಗಳನ್ನು ಅಳೆದುಕೊಂಡು ಹದಿಮೂರೋ ಹದಿನಾಲ್ಕೋ ಆಗುತ್ತದೆ ಎಂದರು. ಅಲ್ಲಿಗೆ 1ಬಿ ಎಂಬುದು ಅವರಿಗೇ ಖಚಿತವಾಯಿತು.

ಬೆಂಗಳೂರಿನ ವೈದ್ಯರು ಕಿಮೋಥೆರಪಿ ಬೇಡ, ಬೆಳಕಿನ ಚಿಕಿತ್ಸೆ ಸಾಕು ಎಂದಿದ್ದಾರೆ. ಈಗ ಮನೆಯಲ್ಲಿ ಹೊಸ ಸಂಶಯ ಹುಟ್ಟಿದೆ. ಕ್ಯಾನ್ಸರಿಗೆ ಲೈಟು ತೋರಿಸಿದರೆ ಹೋಗುತ್ತದೆಯೇ, ಗಟ್ಟಿಯಾದ ಚಿಕಿತ್ಸೆಯನ್ನು ಮೊದಲೇ ಕೊಟ್ಟುಬಿಟ್ಟರೆ ಒಳ್ಳೆಯದಲ್ಲವೇ ಎಂದು ಭಾವಮೈದುನ ವಾದಿಸುತ್ತಿದ್ದಾನೆ.

ನಿವೃತ್ತ ಚರ್ಮವೈದ್ಯ, ಕೋಲಾರ

ನಿಮ್ಮ ಭಾವಮೈದುನ ಕೇಳಿದ ಪ್ರಶ್ನೆಯನ್ನೇ ಅಮೆರಿಕದ ವೈದ್ಯರು ಪರೀಕ್ಷೆಗೆ ಒಡ್ಡಿ 1989ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಆರಂಭದಿಂದಲೇ ಕಿಮೋಥೆರಪಿಯ ಜೊತೆ ಇಡೀ ಚರ್ಮಕ್ಕೆ ಎಲೆಕ್ಟ್ರಾನ್ ವಿಕಿರಣ, ಇನ್ನೊಂದು ಗುಂಪಿಗೆ ಚರ್ಮದ ಮೇಲಿನ ಸೌಮ್ಯ ಚಿಕಿತ್ಸೆ. ಗಟ್ಟಿ ಚಿಕಿತ್ಸೆ ಪಡೆದವರಲ್ಲಿ ಕಲೆಗಳು ಹೆಚ್ಚು ಜನರಿಗೆ ಮಾಯವಾದದ್ದು ನಿಜ, ಆದರೆ ಅವರು ಹೆಚ್ಚು ಕಾಲ ಬದುಕಲಿಲ್ಲ, ಅಡ್ಡಪರಿಣಾಮವನ್ನು ಮಾತ್ರ ಹೆಚ್ಚು ಅನುಭವಿಸಿದರು. ಅಂದಿನಿಂದ ಆರಂಭದ ಹಂತಕ್ಕೆ ಚರ್ಮದ ಮೇಲಿನ ಚಿಕಿತ್ಸೆಯೇ ಮೊದಲ ಆಯ್ಕೆ.

ಬೆಳಕೆಂದರೆ ಸಾಮಾನ್ಯ ಲೈಟಲ್ಲ. ನ್ಯಾರೋಬ್ಯಾಂಡ್ ಯುವಿಬಿ ಎಂಬ, 311 ನ್ಯಾನೋಮೀಟರಿನ ಸುತ್ತಲಿನ ನೇರಳಾತೀತ ಕಿರಣ. ಅದು ಚರ್ಮದ ಮೇಲ್ಪದರದಲ್ಲಿರುವ ಆ ಲಿಂಫೋಸೈಟ್‌ಗಳನ್ನು ಸಾಯಿಸುತ್ತದೆ. ಪ್ಲಾಕ್ ದಪ್ಪಗಿದ್ದರೆ, ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುವ ಸೋರಾಲೆನ್ ಮಾತ್ರೆ ಕೊಟ್ಟು, ಇನ್ನೂ ಆಳಕ್ಕೆ ಇಳಿಯುವ ಯುವಿಎ ಕಿರಣ ಹಾಯಿಸುವ ಪುವಾ ಚಿಕಿತ್ಸೆ ಮಾಡುತ್ತಾರೆ. ಬಗ್ಗದ ಒಂದೆರಡು ಜಾಗಕ್ಕೆ ಕಡಿಮೆ ಪ್ರಮಾಣದ ವಿಕಿರಣ ಕೊಡುತ್ತಾರೆ. ಈ ಕೋಶಗಳು ವಿಕಿರಣಕ್ಕೆ ಬಹಳ ಬೇಗ ಬಗ್ಗುತ್ತವೆ. ಇಡೀ ಕಾಯಿಲೆಯನ್ನು ಬುಡಸಮೇತ ತೆಗೆದುಹಾಕುತ್ತೇವೆಂದು ಯಾರೂ ಭರವಸೆ ಕೊಡಲಾರರು. ಕಲೆ ಹೋಗುತ್ತದೆ, ಕೆಲವು ವರ್ಷಗಳ ಮೇಲೆ ಮತ್ತೆ ಬರಬಹುದು, ಆಗ ಮತ್ತೆ ಚಿಕಿತ್ಸೆ. ಸಕ್ಕರೆ ಕಾಯಿಲೆಯವರು ಬದುಕುವ ಹಾಗೆಯೇ ಇದನ್ನೂ ಇಟ್ಟುಕೊಂಡು ಬದುಕಬೇಕಾಗುತ್ತದೆ.

ಬೆಳಕಿನ ಚಿಕಿತ್ಸಾ ಕೊಠಡಿಯ ಶುಶ್ರೂಷಕಿ

ಮೇಷ್ಟ್ರೇ, ವಾರಕ್ಕೆ ಎರಡು ಮೂರು ಬಾರಿಯಂತೆ ಹಲವು ತಿಂಗಳು ಬರಬೇಕಾಗುತ್ತದೆ, ಅದಕ್ಕೆ ಮೊದಲೇ ಮನಸ್ಸು ಸಿದ್ಧಮಾಡಿಕೊಳ್ಳಿ. ಪ್ರತಿ ಸಲವೂ ಬೆಂಗಳೂರಿಗೆ ಹೋಗುವುದು ರೈತರಿಗೆ ಆಗದ ಮಾತು. ತೊನ್ನು, ಸೋರಿಯಾಸಿಸ್‌ಗೂ ಇದೇ ಯಂತ್ರ ಬಳಸುವುದರಿಂದ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗಗಳಲ್ಲಿ ಸಾಮಾನ್ಯವಾಗಿ ಅದು ಇರುತ್ತದೆ. ಕೋಲಾರದ ಟಮಕದಲ್ಲೇ ವೈದ್ಯಕೀಯ ಕಾಲೇಜಿದೆ, ಮೊದಲು ಅಲ್ಲಿ ವಿಚಾರಿಸಿ. ಬೆಂಗಳೂರಿನ ವೈದ್ಯರಿಂದ ಪ್ರಮಾಣ ಬರೆಸಿಕೊಂಡು ಬಂದರೆ ಹತ್ತಿರದಲ್ಲೇ ಮುಂದುವರಿಸಬಹುದು. ಮುಂದೆ ಕಿದ್ವಾಯಿಯಂಥ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಹೋಗುವ ಮೊದಲೇ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಮಾಡಿಸಿಟ್ಟುಕೊಳ್ಳಿ.

ಯಂತ್ರದೊಳಗೆ ನಿಂತಾಗ ಕಣ್ಣಿಗೆ ಕಪ್ಪು ಕನ್ನಡಕ ಹಾಕಬೇಕು, ಜನನಾಂಗವನ್ನು ಬಟ್ಟೆಯಿಂದ ಮುಚ್ಚಬೇಕು. ಮರುದಿನ ಚರ್ಮ ಕೆಂಪಾಗಿ ಉರಿದರೆ ಮುಂದಿನ ಸಲ ಬಂದ ತಕ್ಷಣ ಹೇಳಬೇಕು, ಪ್ರಮಾಣವನ್ನು ಕಡಿಮೆ ಮಾಡುತ್ತೇವೆ. ಮಾವಿನ ಕೊಯ್ಲಿನಲ್ಲಿ ಒಂದೆರಡು ಸಲ ತಪ್ಪಿದರೆ ಗಾಬರಿ ಬೇಡ, ಆದರೆ ತಪ್ಪಿದ್ದನ್ನು ಸೇರಿಸಿ ದುಪ್ಪಟ್ಟು ಕೊಡಿ ಎಂದು ಕೇಳಬೇಡಿ, ಎಷ್ಟು ದಿನ ತಪ್ಪಿತೆಂದು ನಿಜ ಹೇಳಿ. ಚಿಕಿತ್ಸೆಯ ದಿನ ಬಿಸಿಲಿನಲ್ಲಿ ತೋಟದ ಕೆಲಸವಿದ್ದರೆ ತುಂಬುತೋಳಿನ ಅಂಗಿ, ತಲೆಗೆ ಟವೆಲು ಇರಲಿ. ಬೇರೆ ಯಾವುದೇ ಹೊಸ ಮಾತ್ರೆ ಆರಂಭಿಸಿದರೆ ಚೀಟಿಯನ್ನು ನಮಗೆ ತೋರಿಸಿ; ಡಾಕ್ಸಿಸೈಕ್ಲಿನ್‌ನಂಥ ಕೆಲವು ಮಾತ್ರೆಗಳು ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುತ್ತವೆ. ಮೊದಲ ದಿನವೇ ಎಲ್ಲ ಕಲೆಗಳ ಫೋಟೊ ತೆಗೆದಿಟ್ಟುಕೊಳ್ಳಿ, ತಿಂಗಳಿಗೊಮ್ಮೆ ಅದೇ ಜಾಗ, ಅದೇ ಬೆಳಕಿನಲ್ಲಿ ಮತ್ತೆ ತೆಗೆಯಿರಿ. ಬೆನ್ನಿನ ಕೆಳಗಿನ ಕಲೆಗಳು ಅವರಿಗೆ ಕಾಣುವುದಿಲ್ಲವಾದ್ದರಿಂದ ಆ ಕೆಲಸ ಅತ್ತೆಯವರದು.